ಕಳೆಗೆ ದಾರ ಕಟ್ಟಿದ್ದು

ಮಗ-ಸೊಸೆ ಸ್ಪೇನಿಗೆ ಹೊರಡುವ ಹಿಂದಿನ ರಾತ್ರಿ ಮಗ ಹೇಳಿದ್ದು ಇಷ್ಟೇ. "ಅಪ್ಪಾ, ಗಿಡಕ್ಕೆ ನೀರು ಹಾಕಿ ಸಾಕು. ಬೇರೆ ಏನೂ ಮುಟ್ಟಬೇಡಿ." ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಸರಿಮಾಡಿ ರಿಟೈರ್ ಆದವನಿಗೆ ಹತ್ತು ದಿನ ಏನೂ ಮುಟ್ಟಬೇಡ ಅಂದರೆ ಹೇಗೆ?

ಇಂಗ್ಲೆಂಡಿನ ಸರ್ರೆಯ ಒಂದು ಹಳ್ಳಿಯಲ್ಲಿ ಅವರ ಬಾಡಿಗೆ ಮನೆ. ಜುಲೈ ಮೊದಲ ವಾರ. ರಾತ್ರಿ ಊಟ ಮುಗಿದರೂ ಹೊರಗೆ ಬಿಸಿಲು. ಮನೆಯ ಸುತ್ತ ಅವರು ಕಾಟೇಜ್ ಗಾರ್ಡನ್ ಅನ್ನುವ ಕೈತೋಟ. ನಾನು ಲಾಲ್‌ಬಾಗ್ ನೋಡಿ ಬೆಳೆದವನು. ತೋಟ ಅಂದರೆ ಸಾಲು, ಪಾತಿ, ಬೋರ್ಡು. ಇಲ್ಲಿ ಅದೇನೂ ಇಲ್ಲ. ಗುಲಾಬಿ ಬಾಗಿಲ ಮೇಲೆ ಹತ್ತಿ ಕೂತಿದೆ. ಲ್ಯಾವೆಂಡರ್ ನಡೆಯುವ ದಾರಿಗೇ ಕಾಲು ಚಾಚಿದೆ, ದಾಟಿದರೆ ಪ್ಯಾಂಟೆಲ್ಲ ಘಮಘಮ. ಫಾಕ್ಸ್‌ಗ್ಲೋವ್, ಡೆಲ್ಫಿನಿಯಂ, ಹಾಲಿಹಾಕ್ ಎಲ್ಲ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ ಒಬ್ಬರ ಮೇಲೊಬ್ಬರು. ನಡುವೆ ಜೇನುಹುಳಗಳ ಗುಂಯ್ ಗುಂಯ್. ಚೆನ್ನಾಗಿರಲಿಲ್ಲ ಅಂತಲ್ಲ. ಬಹಳ ಚೆನ್ನಾಗಿತ್ತು. ಆದರೆ ಯಾರೂ ಕೈ ಹಾಕಿದಂತೆ ಕಾಣುತ್ತಿರಲಿಲ್ಲ.

ಅದೇ ಇದರ ಗುಟ್ಟು ಅಂತ ಆಮೇಲೆ ಗೊತ್ತಾಯಿತು. ಮೊದಲು ಇದು ಬಡ ಕೂಲಿಯವರ ಹಿತ್ತಲಂತೆ. ಎಲೆಕೋಸು, ಬೀನ್ಸ್, ಮದ್ದಿನ ಸೊಪ್ಪು, ಒಂದು ಹಂದಿ, ಸಂದಿಯಲ್ಲಿ ಅಷ್ಟಿಷ್ಟು ಹೂವು. ನಮ್ಮ ಕರಿಬೇವು, ಬಸಳೆ, ದಾಸವಾಳದ ಹಿತ್ತಲೇ, ಹಂದಿ ಒಂದು ಜಾಸ್ತಿ. ಇದೇ ಸರ್ರೆಯ ಗರ್ಟ್ರೂಡ್ ಜೀಕಲ್ (1843–1932) ಎಂಬ ಮಹಾತಾಯಿ ಈ ಹಿತ್ತಲುಗಳನ್ನು ನೋಡಿ ಕಲಿತು, ಸುಮಾರು 400 ತೋಟಗಳಿಗೆ ನಕ್ಷೆ ಹಾಕಿಕೊಟ್ಟರು. ಅಂದರೆ ಈ ಅಸ್ತವ್ಯಸ್ತಕ್ಕೂ ನಕ್ಷೆ ಇರುತ್ತದೆ! ನನಗೇನು ಗೊತ್ತು?

ಎರಡನೇ ದಿನ ನೆಲಕ್ಕೆ ಅಂಟಿಕೊಂಡು ಹೊಗೆಸೊಪ್ಪಿನಂಥ ಅಗಲ ಎಲೆಯ ಗಿಡಗಳು ಕಂಡವು. ಮುಟ್ಟಿದರೆ ನವಿರು ರೋಮ. ಹೂವಿಲ್ಲ, ಮೊಗ್ಗಿಲ್ಲ. ಕಳೆ! ಒಂದು ಬಕೆಟ್ ತುಂಬ ಕಿತ್ತೆ. ಅಲ್ಲೇ ಪಕ್ಕದಲ್ಲಿ ಒಂದು ಬಳ್ಳಿ ಆಸರೆ ಇಲ್ಲದೆ ಒದ್ದಾಡುತ್ತಿತ್ತು. ಹೃದಯದಾಕಾರದ ಎಲೆ, ಹಾಲಿನಂಥ ಬಿಳಿ ತುತ್ತೂರಿ ಹೂವು. ಅಯ್ಯೋ ಪಾಪ ಅನ್ನಿಸಿ ಬಿದಿರು ಕಡ್ಡಿ ನೆಟ್ಟು, ದಾರ ಕಟ್ಟಿ, ಬೇಲಿ ಕಡೆಗೆ ಹಬ್ಬಿಸಿದೆ. ದಿನಾ ಬೆಳಿಗ್ಗೆ ಹೋಗಿ ಎಷ್ಟು ಬೆಳೆದಿದೆ ಅಂತ ನೋಡುವುದು ನನ್ನ ಸುಪ್ರಭಾತವಾಯಿತು. ವಾರದೊಳಗೆ ಅದು ಬೇಲಿ ದಾಟಿ ಪಕ್ಕದ ಮನೆ ಅಜ್ಜಿಯ ಗುಲಾಬಿಯ ಕೊರಳು ಹಿಡಿದಿತ್ತು.

ನಮ್ಮನೆಯವಳು ಮಂಡ್ಯದ ಕಡೆಯವಳು. ಅಣ್ಣೆ, ಗಣಿಕೆ, ಹೊನಗೊನೆ ಅಂತ ಹೊಲದಲ್ಲಿ ಸೊಪ್ಪು ಆಯ್ದು ಬೆರಕೆ ಸೊಪ್ಪಿನ ಸಾರು ಮಾಡಿ ಬೆಳೆದವಳು. ಹಾಲಿಹಾಕ್ ಹೂವು ನೋಡಿ, "ರೀ, ಇದು ಬೆಂಡೆ ಜಾತಿ. ಹೋಗೋದ್ರೊಳಗೆ ಕಾಯಿ ಬಿಡುತ್ತೆ, ಹುಳಿ ಮಾಡ್ತೀನಿ" ಅಂತ ಕಾಯುತ್ತಿದ್ದಳು. ಒಂಬತ್ತನೇ ದಿನ ಮತ್ತೊಂದು ಬಕೆಟ್ ಕಿತ್ತು ತಂದೆ. ಎಲೆ ತಿರುಗಿಸಿ ಮುರುಗಿಸಿ ನೋಡಿದಳು. "ದಷ್ಟಪುಷ್ಟವಾಗಿದೆ. ಸುಮ್ನೆ ಯಾಕೆ ಬಿಸಾಡೋದು? ಬಸ್ಸಾರು ಮಾಡ್ಲಾ?" ಅರ್ಧ ಸೊಪ್ಪು ತೊಳೆದು ಜರಡಿಗೂ ಹಾಕಿದಳು.

ಆಗ ಬಾಗಿಲು ಬಡಿದ ಸದ್ದು. ಪಕ್ಕದ ಮನೆ ಅಜ್ಜಿ. ಕೈಯಲ್ಲಿ ನನ್ನ ಬಳ್ಳಿಯ ಒಂದು ತುಂಡು, ನನ್ನದೇ ದಾರದ ಸಮೇತ.

"ನೀವು ಬೈಂಡ್‌ವೀಡ್‌ಗೆ ದಾರ ಕಟ್ಟಿದ್ದೀರಿ" ಎಂದರು. "ಎಷ್ಟು ಧೈರ್ಯ ನಿಮ್ಮದು."

ನಾನು ಥ್ಯಾಂಕ್ಸ್ ಹೇಳಿದೆ. ಹಾಗೆ ಅಂದರೆ ಇಂಗ್ಲಿಷರ ಭಾಷೆಯಲ್ಲಿ "ತಲೆ ಕೆಟ್ಟಿದೆಯಾ" ಅಂತ ಅರ್ಥ ಎಂದು ಮಗ ಆಮೇಲೆ ಬಿಡಿಸಿ ಹೇಳಿದ. ಈ ಕಳೆಯ ಬೇರು ಶಾವಿಗೆಯ ಹಾಗೆ ಬೆಳ್ಳಗೆ ನೆಲದೊಳಗೆ ಓಡುತ್ತದೆ. ಒಂದು ಚೂರು ಉಳಿದರೂ ಮತ್ತೆ ಚಿಗುರುತ್ತದೆ. ಬೇರೆಯವರು ಜೀವಮಾನವಿಡೀ ಕೀಳುವುದನ್ನು ನಾನು ಸಾಕಿದ್ದೆ.

ಅಷ್ಟರಲ್ಲಿ ಅಜ್ಜಿಯ ಕಣ್ಣು ಜರಡಿಯ ಮೇಲೆ ಬಿತ್ತು. ಮುಖ ಬಿಳಿಚಿತು. ಅದು ಫಾಕ್ಸ್‌ಗ್ಲೋವ್. ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂವು. ತಿಂದರೆ ಎದೆಬಡಿತವೇ ಏರುಪೇರಾಗುವ ವಿಷ. ನಮ್ಮನೆಯವಳು ಒಂದೂ ಮಾತಾಡದೆ ಸೊಪ್ಪು ಎಸೆದು, ಜರಡಿ ಮೂರು ಸಲ ತೊಳೆದಳು.

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ವಾ? ಇದು ಮದ್ದೂ ಹೌದು. ಹಳ್ಳಿಯವರು ಮೈ ಊದಿಕೊಂಡರೆ ಕೊಡುತ್ತಿದ್ದ ಈ ಸೊಪ್ಪನ್ನು ವರ್ಷಗಟ್ಟಲೆ ಪರೀಕ್ಷೆ ಮಾಡಿ ವಿಲಿಯಂ ವಿದರಿಂಗ್ ಎಂಬ ವೈದ್ಯರು 1785ರಲ್ಲಿ ಪುಸ್ತಕ ಬರೆದರು. ಇದರ ದಾಯಾದಿ ಗಿಡದಿಂದ ತೆಗೆದ ಡಿಗಾಕ್ಸಿನ್ ಎಂಬ ಹೃದಯದ ಗುಳಿಗೆಯನ್ನೇ ನಾನು ದಿನಾ ಅರ್ಧ ನುಂಗುತ್ತಿದ್ದೇನೆ. ಬಸ್ಸಾರಿನಲ್ಲಿ ಎಷ್ಟು ವರ್ಷದ ಡೋಸ್ ಇತ್ತೋ!

ಇನ್ನೂ ಒಂದಿತ್ತು. ಬರುವ ಭಾನುವಾರ ಅಜ್ಜಿಯ ತೋಟ ಊರಿಗೆಲ್ಲ ತೆರೆಯುವ ದಿನ. ನ್ಯಾಷನಲ್ ಗಾರ್ಡನ್ ಸ್ಕೀಮ್ ಅಂತ, 1927ರಲ್ಲಿ ಶುರುವಾದದ್ದು. ಮನೆಮನೆಗೆ ಹೋಗಿ ಆರೈಕೆ ಮಾಡುವ ನರ್ಸ್‌ಗಳಿಗಾಗಿ ಆ ವರ್ಷ 609 ತೋಟಗಳು ತಲೆಗೆ ಒಂದು ಶಿಲ್ಲಿಂಗ್ ತೆಗೆದುಕೊಂಡು ಬಾಗಿಲು ತೆರೆದಿದ್ದವು. ಗೇಟಿನಲ್ಲಿ ಹಳದಿ ಪೋಸ್ಟರ್ ಆಗಲೇ ಬಂದಿತ್ತು. ಮೂರು ದಿನ ನಾನು ಅಜ್ಜಿಯ ಗುಲಾಬಿ ಬುಡದಲ್ಲಿ ಮಂಡಿಯೂರಿ ಶಾವಿಗೆ ಆಯ್ದೆ. ಭಾನುವಾರ ನಮ್ಮನೆಯವಳ ರವೆ ಉಂಡೆ ಅಲ್ಲಿನ ಕೇಕುಗಳ ಜೊತೆ ಮೇಜಿಗೆ ಹೋಯಿತು, ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಸಂಜೆ ಅಜ್ಜಿ ಆರು ಪುಟ್ಟ ಕುಂಡ ತಂದುಕೊಟ್ಟರು. ಫಾಕ್ಸ್‌ಗ್ಲೋವ್ ಸಸಿಗಳು. ಪ್ರತಿಯೊಂದಕ್ಕೂ ಕಡ್ಡಿ ಚುಚ್ಚಿ ಚೀಟಿ: "ಕೀಳಬೇಡಿ. ಬೇಯಿಸಬೇಡಿ."

ನಾವು ಮೈಸೂರಿಗೆ ವಾಪಸಾದ ಮೇಲೆ, ಸೆಪ್ಟೆಂಬರಿನಲ್ಲಿ ಮಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ. ಅಮ್ಮನ ಬೆಂಡೆಗಿಡ ಕಾಯಿ ಬಿಟ್ಟಿದೆಯಂತೆ. ಚಪ್ಪಟೆಯಾಗಿ, ದುಂಡಗೆ, ಪುಟ್ಟ ನಿಪ್ಪಟ್ಟಿನ ಹಾಗಿತ್ತು. ನಮ್ಮನೆಯವಳು ಕನ್ನಡಕ ಹಾಕಿಕೊಂಡು ತುಂಬ ಹೊತ್ತು ನೋಡಿದಳು.

"ಹುಳಿಗೆ ಬರಲ್ಲ" ಎಂದಳು.