ಬೆಲ್ಲ ಹಚ್ಚಿದ ಬಂಡೆ

ವನ್ಯಜೀವಿ ಸಾಕ್ಷ್ಯಚಿತ್ರವನ್ನೇ ವೃತ್ತಿಯಾಗಿಸಿಕೊಳ್ಳಬೇಕೆಂದಿರುವ ಸಂಡೂರಿನ ಹುಡುಗನೊಬ್ಬ ಕಳೆದ ವಾರ ತಾನು ತೆಗೆದ ಎಂಟು ನಿಮಿಷದ ಚಿತ್ರ ಕಳಿಸಿ ಅಭಿಪ್ರಾಯ ಕೇಳಿದ್ದ. ದರೋಜಿ ಕರಡಿಧಾಮದ ವೀಕ್ಷಣಾ ಗೋಪುರದಿಂದ ತೆಗೆದ ದೃಶ್ಯಗಳು. ಸಂಜೆಬೆಳಕು ಹದವಾಗಿದೆ, ಕ್ಯಾಮೆರಾ ಎಲ್ಲಿಯೂ ಅಲುಗಿಲ್ಲ, ಬಂಡೆಯ ಇಳಿಜಾರಿನಲ್ಲಿ ಐದು ಕರಡಿಗಳಿವೆ. ಆದರೆ ಪ್ರವಾಸಿಗರಿಗೆ ಕರಡಿ ಕಾಣಲೆಂದು ಆ ಬಂಡೆಗಳಿಗೆ ಬೆಲ್ಲದ ಪಾಕ ಹಚ್ಚುವ ರೂಢಿ ಬಹುಕಾಲದಿಂದ ಇದೆ ಎಂಬ ಒಂದು ಮಾತು ಅವನ ನಿರೂಪಣೆಯಲ್ಲಿಲ್ಲ.

ಬೈಯುವ ಹಕ್ಕು ನನಗಿಲ್ಲ. 1994ರಲ್ಲಿ ಘೋಷಣೆಯಾದ ಈ ಧಾಮದಲ್ಲಿ ನಾನು ಮೊದಲು ಚಿತ್ರಿಸಿದ್ದೂ ಅದೇ ಬಂಡೆಯನ್ನು. ಅದನ್ನು ಹೆಮ್ಮೆಯಿಂದ ತೋರಿಸಿದಾಗ ಪರಿಚಯದ ಕುರಿಗಾಹಿ ಅಜ್ಜ, "ಬೆಲ್ಲ ಹಚ್ಚಿದ್ರ ಇರುವಿನೂ ಬರ್ತಾವ ತಮ್ಮಾ, ಇದರಾಗ ನಿಂದೇನೈತಿ?" ಎಂದಿದ್ದ. ಮುಂದೆ ಅವನೇ ಧಾಮದ ಹೊರಗಿನ ಒಂದು ಹೊಲದ ಬದುವಿನ ಹುತ್ತ ತೋರಿಸಿದ. ಹತ್ತೊಂಬತ್ತು ನಸುಕುಗಳನ್ನು ಅಲ್ಲಿ ಸುಮ್ಮನೆ ಕಳೆದ ಮೇಲೆ, ಬೆನ್ನ ಮೇಲೆ ಎರಡು ಮರಿ ಹೊತ್ತ ತಾಯಿಯೊಂದು ಬಂತು. ಉಗುರಿನಿಂದ ಹುತ್ತ ಕೆದರಿ, ಮಣ್ಣನ್ನು ಊದಿ ಸರಿಸಿ, ಮೇಲ್ದವಡೆಯ ಎದುರಿನ ಎರಡು ಹಲ್ಲುಗಳೇ ಇಲ್ಲದ ಆ ಸಂದಿಯಿಂದ ಗೆದ್ದಲನ್ನು ಸೊರ್ರನೆ ಹೀರತೊಡಗಿತು. ನೂರು ಹೆಜ್ಜೆ ದೂರದಲ್ಲಿದ್ದ ನಮಗೂ ಆ ಸದ್ದು ಕೇಳುತ್ತಿತ್ತು. ಬೆಳಕು ಸಾಲದೆ ಚಿತ್ರ ಮಸುಕಾಯಿತು, ಸದ್ದು ಮಾತ್ರ ಉಳಿಯಿತು. ನಾನು ಈವರೆಗೆ ತಂದದ್ದರಲ್ಲಿ ಅದೇ ಒಳ್ಳೆಯದು ಎಂದು ಈಗಲೂ ನಂಬಿದ್ದೇನೆ.

ಈ ಕೆಲಸ ಹೊಟ್ಟೆ ತುಂಬಿಸುತ್ತದೆಯೇ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ: ಇಲ್ಲ. ನನ್ನ ಲೆನ್ಸಿನ ಕಂತು ಕಟ್ಟಿದ್ದು ಬಳ್ಳಾರಿಯ ಮದುವೆ ಮಂಟಪಗಳು. ಧಾಮದೊಳಗೆ ಚಿತ್ರೀಕರಿಸಲು 1972ರ ವನ್ಯಜೀವಿ ಕಾಯ್ದೆಯಂತೆ ಅನುಮತಿ ಬೇಕು, ಅದಕ್ಕೆ ಅಲೆದಾಟ ಬೇರೆ. ಸಾಕ್ಷ್ಯಚಿತ್ರಕಾರರಾದ ಕೃಪಾಕರ-ಸೇನಾನಿ ಜೋಡಿ ಕೆನ್ನಾಯಿಗಳ (ಕಾಡುನಾಯಿಗಳ) ಬೆನ್ನುಹತ್ತಿ ವರ್ಷಗಟ್ಟಲೆ ಕಾಡಿನಲ್ಲಿ ಕಳೆದದ್ದನ್ನು ನಮ್ಮ ಹುಡುಗರು ಮೆಚ್ಚುತ್ತಾರೆ. ಆದರೆ ತಮ್ಮ ಸರದಿ ಬಂದಾಗ ಎರಡು ದಿನ ರಜೆ ಹಾಕಿ ಕಬಿನಿಯ ಹಸಿರು ಕಾಡಿಗೆ ಹೋಗಿ ಬರುತ್ತಾರೆ. ಹಸಿರಿದ್ದರೆ ಮಾತ್ರ ಕಾಡು ಎಂಬ ಭ್ರಮೆ ನಮ್ಮಲ್ಲಿ ಗಟ್ಟಿಯಾಗಿದೆ. ಗಂಗಾವತಿ ಸೀಮೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಒಂದು ಧಾಮವಿದೆ, ತುಂಗಭದ್ರೆಯಲ್ಲಿ ನೀರುನಾಯಿಗಳಿವೆ. ಇವುಗಳ ಬಳಿ ಒಂದು ಬೇಸಿಗೆಯನ್ನು ಪೂರ್ತಿಯಾಗಿ ಕಳೆದ ಹುಡುಗ ನನಗಂತೂ ಸಿಕ್ಕಿಲ್ಲ.

ಚಿತ್ರವನ್ನು ಅಳಿಸಬೇಡ, ಬೆಲ್ಲ ಹಚ್ಚುವ ಕೈಯನ್ನೂ ಅದರಲ್ಲಿ ಸೇರಿಸು ಎಂದು ಹುಡುಗನಿಗೆ ಬರೆದೆ. ಎರಡು ದಿನ ಉತ್ತರವಿರಲಿಲ್ಲ. ನಿನ್ನೆ ರಾತ್ರಿ ಫೋನ್ ಮಾಡಿ, "ಸರ್, ಆ ಅಜ್ಜ ಈಗ ಎಲ್ಲಿ ಕುರಿ ಮೇಯಿಸ್ತಾನೆ?" ಎಂದು ಕೇಳಿದ.