ವಾಲಿಯ ಪ್ರಶ್ನೆಯೂ ಕಿಂಗ್ ಪತ್ರವೂ

ಅಮೆರಿಕದ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಲಿ, ನರ್ಸಿಂಗ್ ಓದಲಿ, ಮೊದಲ ವರ್ಷ ಬರವಣಿಗೆ ಕ್ಲಾಸು ತಪ್ಪುವುದು ಅಪರೂಪ. ಒಹಾಯೋದಲ್ಲಿ ನಾನು ಅಂಥದ್ದೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಅರಿಸ್ಟಾಟಲ್ ಹೇಳಿದ ಈಥೋಸ್, ಪೇಥೋಸ್, ಲೋಗೋಸ್ ಇಲ್ಲಿ ಬಂದೇ ಬರುತ್ತವೆ. ಅಂದರೆ ಮಾತಾಡುವವನ ಮೇಲೆ ಹುಟ್ಟುವ ನಂಬಿಕೆ, ಕೇಳುವವನ ಮನಸ್ಸಿಗೆ ತಟ್ಟುವುದು, ಮಾತಿನೊಳಗಿನ ತರ್ಕ.

ನಮ್ಮ ಪಿಯುಸಿ ಪ್ರಬಂಧಗಳಲ್ಲಿ ಈ ನಂಬಿಕೆಯನ್ನು ಸಾಲ ತರುತ್ತಿದ್ದೆವು. ಶುರುವಿಗೊಂದು ವಚನ, ನಡುವೆ ಗಾಂಧೀಜಿ, ಕೊನೆಗೆ ಸರ್ವಜ್ಞ. ಇದೆಲ್ಲ ನಿನಗೆ ಹೇಗೆ ಗೊತ್ತು ಅಂತ ಯಾರೂ ಕೇಳುತ್ತಿರಲಿಲ್ಲ. ಇಲ್ಲಿ ಮೊದಲು ಕೇಳುವುದೇ ಅದನ್ನು. ಅದು ನನಗೆ ಇಷ್ಟ. ಕಲಿಸುವ ರೀತಿ ಮಾತ್ರ ಒಪ್ಪಿಗೆಯಿಲ್ಲ.

ಮಾರ್ಟಿನ್ ಲೂಥರ್ ಕಿಂಗ್ 1963ರ ಏಪ್ರಿಲ್‌ನಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರವನ್ನೇ ತಗೊಳ್ಳಿ. ಕರಿಯರ ಸಮಾನ ಹಕ್ಕಿನ ಚಳವಳಿಗೆ ಇದು ಸಮಯವಲ್ಲ, ಹೊರಗಿನವರು ಬಂದು ನಡೆಸುತ್ತಿದ್ದಾರೆ ಎಂದಿದ್ದ 8 ಮಂದಿ ಬಿಳಿಯ ಧರ್ಮಗುರುಗಳಿಗೆ ಅದು ಉತ್ತರ. ಹುಡುಗರು ಮೂರು ಬಣ್ಣದ ಹೈಲೈಟರ್ ಹಿಡಿದು ಕೂರುತ್ತಾರೆ. ಕಿಂಗ್ ತನ್ನ ಸಂಘಟನೆಯ ಹೆಸರು ಹೇಳಿದ ಕಡೆ ನೀಲಿ, ಈಥೋಸ್. ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಬೇಕೆಂದು ಕೇಳುವ 6 ವರ್ಷದ ಮಗಳಿಗೆ, ಕರಿಯ ಮಕ್ಕಳನ್ನು ಅಲ್ಲಿ ಬಿಡುವುದಿಲ್ಲ ಎಂದು ಹೇಗೆ ಹೇಳಲಿ ಅನ್ನುವ ಕಡೆ ಕೆಂಪು, ಪೇಥೋಸ್. ಮುಗಿಯಿತು ಪಾಠ.

ಆದರೆ ಆ ಮಗಳ ಕಣ್ಣೀರು 'ಇನ್ನಷ್ಟು ಕಾಯಿರಿ' ಅಂದವರಿಗೆ ಕೊಟ್ಟ ವಾದವೂ ಹೌದಲ್ವಾ? ಅದಕ್ಕೆ ಯಾವ ಬಣ್ಣ? ಎದುರಾಳಿಗಳನ್ನು ಒಳ್ಳೆಯ ಮನಸ್ಸಿನವರೆಂದು ಒಪ್ಪಿಕೊಂಡು, ತಾಳ್ಮೆಯಿಂದಲೇ ಉತ್ತರಿಸುತ್ತೇನೆ ಎಂದು ಪತ್ರ ಶುರುವಾಗುತ್ತದೆ. ನಂಬಿಕೆ ಹುಟ್ಟುವುದೇ ಅಲ್ಲಿ. ಆ ಸಾಲಿಗೆ ಬಣ್ಣ ಹಚ್ಚುವವರು ಕಡಿಮೆ. ಹೆಸರಿನ ಬಲದಿಂದಲ್ಲ, ಆಡುವ ಮಾತಿನಿಂದಲೇ ನಂಬಿಕೆ ಹುಟ್ಟಬೇಕು ಅಂತ ಅರಿಸ್ಟಾಟಲನೇ ಹೇಳಿದ್ದಾನೆ.

ಇದನ್ನು ನಮ್ಮ ಕರಾವಳಿ, ಮಲೆನಾಡಿನ ತಾಳಮದ್ದಳೆ ಚೆನ್ನಾಗಿ ಬಲ್ಲದು. ಅದು ಯಕ್ಷಗಾನವೇ, ಆದರೆ ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿ ಕೂತಲ್ಲೇ ಮಾತು ಕಟ್ಟಬೇಕು. ಬಾಣ ತಿಂದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನೇನು ಕೇಡು ಮಾಡಿದ್ದೆ? ಧರ್ಮ ಬಲ್ಲವನು ಮರೆಯಲ್ಲಿ ನಿಂತು ಹೊಡೆಯುವುದೇ? ರಾಮನ ಒಳ್ಳೆಯ ಹೆಸರನ್ನೇ ರಾಮನ ಎದುರು ಇಡುವ ವಾದ ಅದು. ಸಾಯುತ್ತಿರುವವನ ನೋವು, ತರ್ಕ ಎರಡೂ ಒಂದೇ ಉಸಿರಲ್ಲಿ. ಇವತ್ತು ವಾಲಿಯಾದವರು ಇನ್ನೊಂದು ಕೂಟದಲ್ಲಿ ರಾಮನ ಅರ್ಥ ಹೇಳಬೇಕಾಗಬಹುದು. ಹಾಗಾಗಿ ಎದುರು ಪಕ್ಷದ ಮಾತನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ.

ಹಾಗಂತ ಒಹಾಯೋ ಹುಡುಗರಿಗೆ ತಾಳಮದ್ದಳೆ ಕಲಿಸಲು ಹೊರಟಿಲ್ಲ. ಹೈಲೈಟರ್ ಒಳಗಿಟ್ಟು, ಅರ್ಧ ಕ್ಲಾಸು ಆ ಧರ್ಮಗುರುಗಳ ಪರವಾಗಿ ಕಿಂಗ್‌ಗೆ ಮರುಪತ್ರ ಬರೆಯಲಿ, ಆಮೇಲೆ ಪಕ್ಷ ಬದಲಿಸಲಿ ಅಂತಷ್ಟೇ. ಮಾರ್ಕ್ಸ್ ಹಾಕುವುದು ಬಣ್ಣ ಎಣಿಸಿದಷ್ಟು ಸುಲಭವಲ್ಲ, ಒಪ್ಪುತ್ತೇನೆ.