ತುಕ್ಕಿಗೆ ಪರ್ಮಿಷನ್ ಬೇಡ

ನಮ್ಮ ಅಂಕೋಲೆಯ ಗಾಳಿಗೆ ಕಬ್ಬಿಣ ಅಂದ್ರೆ ಭಾರೀ ಪ್ರೀತಿ. ಗೇಟು, ಕಿಟಕಿ ಸರಳು, ಸೈಕಲ್ಲು ಯಾವುದನ್ನೂ ಬಿಡುವುದಿಲ್ಲ. ಇನ್ನು ವರ್ಷಗಟ್ಟಲೆ ಮೀನು ಹೊತ್ತ ಲಾರಿಯನ್ನು ಬಿಡುತ್ತದೆಯೇ? ಐಸು ಕರಗಿದ ಉಪ್ಪುನೀರೆಲ್ಲ ಚಾಸಿಯ ಮೇಲೇ, ಅಂದ್ರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನ ಮೇಲೇ ಸುರಿದಿದೆ. ಅಂಥದ್ದೊಂದನ್ನು ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡು ಚಿರೆಕಲ್ಲು ಸಾಗಿಸಲು ಇಟ್ಟುಕೊಂಡ ಜಾಣ ನಾನು.

ಮೊನ್ನೆ ಗ್ಯಾರೇಜಿನವನು ಗಾಡಿಯ ಕೆಳಗೆ ಮಲಗಿ ಸುತ್ತಿಗೆಯಲ್ಲಿ ಒಂದೇಟು ಹಾಕಿದ. ಠಣ್ ಅನ್ನಬೇಕಾದದ್ದು ಪುಸಕ್ ಅಂತು. ಹಪ್ಪಳದ ಹಾಗೆ ಪದರ ಪದರವಾಗಿ ಅವನ ಮುಖದ ಮೇಲೇ ಉದುರಿತು. "ಮಾರಾಯ್ರೆ, ಇದು ಚಾಸಿ ಅಲ್ಲ, ಬರೀ ಪೇಂಟು" ಅಂದ. ಬಲಗಡೆ ನಾಲ್ಕಡಿ ಕತ್ತರಿಸಿ ಹೊಸದು ಕೂರಿಸಬೇಕಂತೆ. ಸರಿ, ಕೂರಿಸು ಅಂದೆ. ಆಗದು ಅಂದ, ಯಾಕೆಂದರೆ ಚಾಸಿ ನಂಬರ್ ಕುಟ್ಟಿರುವುದೂ ಅದೇ ನಾಲ್ಕಡಿಯಲ್ಲಿ.

ಆರ್‌ಟಿಒ ಕಚೇರಿಗೆ ಹೋದೆ.

"ನಂಬರ್ ಇರೋ ತುಂಡು ಹಾಗೇ ಇರ್ಬೇಕು."

"ಸರ್, ತುಂಡೇ ಕರಗಿ ಹೋಗ್ತಿದೆ."

"ಹಾಗಾದ್ರೆ ಗಾಡಿ ಎಲ್ಲಿದೆ?"

"ಹೊರಗೆ ನಿಂತಿದೆ ಸರ್, ಕಿಟಕೀಲಿ ಕಾಣ್ತದಲ್ಲ."

"ಅದು ಅದೇ ಗಾಡಿ ಅಂತ ಹೇಗೆ ಹೇಳ್ತೀರಿ?"

ಕದ್ದ ಗಾಡಿಗೆ ಬೇರೆ ನಂಬರ್ ಕುಟ್ಟಿ ಮಾರುವವರಿದ್ದಾರೆ, ಹಾಗಾಗಿ ಪ್ರಶ್ನೆ ತಪ್ಪಲ್ಲ, ಒಪ್ಪಿದೆ. ಆದರೆ ಆರ್‌ಸಿ, ಇನ್ಶೂರೆನ್ಸು, ಎಂಜಿನ್ ನಂಬರು ಎಲ್ಲ ಕೈಯಲ್ಲಿ ಹಿಡಿದು ನಿಂತವನಿಗೆ ಏನು ಉತ್ತರ ಹೊಳೆಯಬೇಕು ಹೇಳಿ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿ ಬದಲಾಯಿಸಬಾರದು. 2019ರ ತಿದ್ದುಪಡಿ ಬಂದ ಮೇಲೆ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅದೃಷ್ಟ ಇದ್ದರೆ ಎರಡೂ. ಒಳ್ಳೆಯದೇ. ಆದರೆ ಕಂಪನಿ ಕೊಟ್ಟ ದಪ್ಪದ ಚಾಸಿಯನ್ನು ಅರ್ಧ ತೆಳ್ಳಗೆ ಮಾಡಿದ್ದು ನಾನಲ್ಲ. ಅರಬ್ಬೀ ಸಮುದ್ರ. ಅದಕ್ಕೆ ನೋಟಿಸು ಹೋಗಿದೆಯಾ? ತುಕ್ಕು ಹಗಲೂ ರಾತ್ರಿ ಗಾಡಿ ಬದಲಾಯಿಸುತ್ತಲೇ ಇರಬಹುದು, ಅರ್ಜಿ ಬೇಡ, ಫೀಸು ಬೇಡ. ಅದನ್ನು ಸರಿ ಮಾಡಲು ಹೋದವನು ಮಾತ್ರ ಅನುಮಾನದ ಗಿರಾಕಿ.

ಲಾರಿಗೆ ಎಂಟು ವರ್ಷ ದಾಟಿದರೆ ಪ್ರತಿ ವರ್ಷ ಎಫ್‌ಸಿ, ಅಂದ್ರೆ ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟು ಬೇಕು. ಹಿಂದಿನ ದಿನ ಚಾಸಿಗೆ ಕಪ್ಪು ಪೇಂಟು ಬಳಿಯುವುದು ನಮ್ಮ ಕಡೆ ಹಬ್ಬಕ್ಕೆ ಸುಣ್ಣ ಹೊಡೆದ ಹಾಗೆ, ಯಾರೂ ತಪ್ಪಿಸುವುದಿಲ್ಲ. ನನ್ನ ಗಾಡಿಯ ಕಳೆದ ಪಾಸಿಂಗು ನೆನಪಿದೆ. ಬ್ರೇಕ್ ಇನ್ಸ್‌ಪೆಕ್ಟರು ರಿಫ್ಲೆಕ್ಟರ್ ಟೇಪು ನೋಡಿದರು, ವೈಪರ್ ಆಡಿಸಿದರು, ಹಾರ್ನ್ ಹೊಡೆಸಿದರು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿಸಿದರು. ಅಕ್ಷರ ಮೂಡಿತು, ಗಾಡಿ ಪಾಸು. ಆ ಅಕ್ಷರ ನಿಂತಿರುವ ಕಬ್ಬಿಣ ಹತ್ತು ಟನ್ ಕಲ್ಲು ಹೊತ್ತು ದೇವಿಮನೆ ಘಾಟಿ ಹತ್ತುತ್ತದೋ ಇಲ್ಲವೋ, ಅದನ್ನು ಕೇಳಲು ಆ ಫಾರ್ಮಿನಲ್ಲಿ ಜಾಗ ಇರಲಿಲ್ಲವೋ ಏನೋ. ಒಂದು ಸುತ್ತಿಗೆ ಎಷ್ಟು ರೂಪಾಯಿ ಅಲ್ವಾ?

ಅಂದ ಹಾಗೆ, 2024ರ ಆಗಸ್ಟ್ 7ರಂದು ಮಧ್ಯರಾತ್ರಿ ಕಳೆದು ಕಾರವಾರದ ಹಳೇ ಕಾಳಿ ಸೇತುವೆ ಕುಸಿದು, ಮೇಲಿದ್ದ ಲಾರಿ ನದಿಗೆ ಬಿತ್ತು. ಪುಣ್ಯಕ್ಕೆ ಡ್ರೈವರ್ ಬದುಕಿದ. ಆ ಸೇತುವೆಗೂ ಯಾರಾದರೂ ಪೆನ್ಸಿಲ್ ಉಜ್ಜಿದ್ದರೇನೋ.

ಇನ್ನೊಂದು ದಾರಿ ಇದೆ ಅಂತ ಗ್ಯಾರೇಜಿನವನು ಪಿಸುಗುಟ್ಟಿದ. ಹಳೇ ತುಂಡನ್ನು ಹಾಗೇ ಬಿಟ್ಟು ಪಕ್ಕಕ್ಕೆ ಫಿಶ್ ಪ್ಲೇಟ್ ಅನ್ನುವ ಕಬ್ಬಿಣದ ಪಟ್ಟಿ ಹಾಕಿ ವೆಲ್ಡಿಂಗ್ ಹೊಡೆಯುವುದು, ಮೇಲೆ ಪೇಂಟು. ಮೀನಿನಿಂದ ಹಾಳಾದ ಲಾರಿಗೆ ಫಿಶ್ ಪ್ಲೇಟೇ ಔಷಧಿ! ಬೇಡಪ್ಪ ಅಂದು ಅರ್ಜಿಯನ್ನೇ ಕೊಟ್ಟು ಬಂದೆ. ಪರಿಶೀಲನೆಯಲ್ಲಿದೆಯಂತೆ.

ಲಾರಿ ತೆಂಗಿನ ಮರದ ಕೆಳಗೆ ನಿಂತಿದೆ. ನಿನ್ನೆ ಟಾರ್ಚ್ ಹಾಕಿ ನೋಡಿದೆ. ಚಾಸಿ ನಂಬರಿನಲ್ಲಿ 8 ಇದ್ದದ್ದು ಈಗ 3 ಆಗಿದೆ.